ಅಚ್ಚುಚಿತ್ರವೂ ಶಾಲೆಯ ಮಗುವೂ

ಕಲಬುರಗಿ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ, ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ದೇವರ ಚಿತ್ರವೊಂದು ಗೋಡೆಯ ಮೇಲೆ ತೂಗಾಡುತ್ತಿದ್ದುದು ಸಾಮಾನ್ಯ ನೋಟವಾಗಿತ್ತು. ವರ್ಷ ಕಳೆದು ತಿಂಗಳ ಹಾಳೆಗಳೆಲ್ಲ ಹರಿದು ಹೋದ ಮೇಲೆಯೂ ಚಿತ್ರ ಮಾತ್ರ ಉಳಿಯುತ್ತಿತ್ತು. ಅಂತಹ ಚಿತ್ರಗಳಲ್ಲಿ ಎಷ್ಟೋ ಚಿತ್ರಗಳು ಈ ಊರಿನವರೇ ಆದ ಎಸ್. ಎಂ. ಪಂಡಿತರ ಕುಂಚದಿಂದ ಮೂಡಿದವು. 1916ರಲ್ಲಿ ಕಲಬುರಗಿಯಲ್ಲಿ ಜನಿಸಿದ ಪಂಡಿತರು ಮುಂಬಯಿಗೆ ಹೋಗಿ ಜಿ. ಎಸ್. ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಪಳಗಿ, ಚಲನಚಿತ್ರಗಳ ಭಿತ್ತಿಪತ್ರಗಳಿಂದ ಪೌರಾಣಿಕ ಚಿತ್ರಗಳವರೆಗೆ ಕೈಯಾಡಿಸಿ, ಭಾರತದಾದ್ಯಂತ ಮನೆಮಾತಾದರು. 1993ರಲ್ಲಿ ಅವರು ಕಾಲವಾದರು. ನಗರದ ರಂಗಮಂದಿರಕ್ಕೆ ಈಗ ಅವರ ಹೆಸರಿದೆ. ಆದರೆ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪಂಡಿತರ ಮೂಲ ಚಿತ್ರಗಳನ್ನು ಕಣ್ಣಾರೆ ಕಂಡವರು ಕೆಲವರೇ. ಲಕ್ಷಾಂತರ ಜನ ಕಂಡದ್ದು ಅಚ್ಚಾದ ಚಿತ್ರವನ್ನು. ಕಲೆ ಬಡವನ ಗೋಡೆಗೆ ಬಂದದ್ದು ಮುದ್ರಣದ ದಾರಿಯಿಂದ.

ಇಂತಹ ಊರಿನ ಶಾಲೆಗಳಲ್ಲಿ, ಒಂದು ಚಿತ್ರ ಸಾವಿರವಾಗುವುದು ಹೇಗೆ ಎಂಬುದನ್ನು ತನ್ನ ಕೈಯಿಂದಲೇ ಮಾಡಿ ನೋಡಿದ ವಿದ್ಯಾರ್ಥಿ ಸಿಗುವುದು ಅಪರೂಪವೆಂಬುದು ವಿಷಾದದ ಮಾತು. ಬಹುತೇಕ ಶಾಲೆಗಳಲ್ಲಿ ಚಿತ್ರಕಲೆಯ ಅವಧಿಯೆಂದರೆ ಅಧ್ಯಾಪಕರು ಹಲಗೆಯ ಮೇಲೆ ಒಂದು ಗಿಳಿಯನ್ನೋ ಹೂಜಿಯನ್ನೋ ಬರೆಯುವುದು, ಅರವತ್ತು ಮಕ್ಕಳು ಅದನ್ನು ನೋಡಿ ಬರೆಯುವುದು. ಹತ್ತನೆಯ ತರಗತಿ ಸಮೀಪಿಸಿದಂತೆ ಆ ಅವಧಿಯೂ ಗಣಿತಕ್ಕೆ ಸೇರಿಹೋಗುತ್ತದೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳು ಕೈಗೆ ಒಂದು ಶಿಸ್ತನ್ನು ಕೊಡುತ್ತವೆ, ನಿಜ; ಅವುಗಳಿಂದಲೇ ಎಷ್ಟೋ ಮಂದಿ ಕಲಾಶಾಲೆಯ ಬಾಗಿಲು ತಟ್ಟಿದ್ದಾರೆ. ಆದರೆ ಪರೀಕ್ಷೆಗೆ ಕೂಡದ ಉಳಿದ ಮಕ್ಕಳಿಗೆ ಚಿತ್ರಕಲೆಯೆಂದರೆ ನಕಲು ತೆಗೆಯುವ ಕೆಲಸ ಎಂಬ ಭಾವನೆಯೇ ಜೀವನವಿಡೀ ಉಳಿದುಬಿಡುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣವನ್ನು ಶಾಲೆಯ ವಿಷಯಗಳಲ್ಲಿ ಒಂದಾಗಿ ಎಣಿಸಬೇಕೆಂದಿತು; 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕೈಕಸುಬು ಕಲಿಸುವ ಮಾತನಾಡಿತು. ಆ ಹತ್ತು ದಿನಗಳನ್ನು ಯಾವುದರಿಂದ ತುಂಬುವುದು ಎಂಬ ಪ್ರಶ್ನೆಗೆ ಅಚ್ಚುಚಿತ್ರ ಒಂದು ಒಳ್ಳೆಯ ಉತ್ತರ. ಅದರ ಸ್ವರೂಪವನ್ನೂ, ಶಾಲೆಯಲ್ಲಿ ಅದನ್ನು ಮಾಡಿಸುವ ಬಗೆಯನ್ನೂ ಇಲ್ಲಿ ವಿವರಿಸಲಾಗಿದೆ.

ಅಚ್ಚಿನ ತತ್ತ್ವ ಮಗುವಿಗೆ ಹೊಸದಲ್ಲ. ಹಬ್ಬದ ದಿನ ಗೋಡೆಯ ಮೇಲೆ ಒತ್ತಿದ ಅರಿಸಿನದ ಕೈ ಒಂದು ಅಚ್ಚು. ಮುಖ್ಯೋಪಾಧ್ಯಾಯರ ಮೇಜಿನ ಮೇಲಿರುವ ರಬ್ಬರಿನ ಮೊಹರು ಇನ್ನೊಂದು. ಆ ಮೊಹರನ್ನು ತಿರುಗಿಸಿ ನೋಡಿದರೆ ಶಾಲೆಯ ಹೆಸರು ಕನ್ನಡಿಯಲ್ಲಿ ಕಂಡಂತೆ ಹಿಮ್ಮುಖವಾಗಿರುತ್ತದೆ. ಕಾಗದಕ್ಕೆ ಒತ್ತಿದಾಗ ನೆಟ್ಟಗಾಗುತ್ತದೆ. ಉಬ್ಬಿದ ಭಾಗಕ್ಕೆ ಶಾಯಿ ಹತ್ತುತ್ತದೆ, ತಗ್ಗಿಗೆ ಹತ್ತುವುದಿಲ್ಲ. ಇಷ್ಟನ್ನು ಅರಿತರೆ ಉಬ್ಬಚ್ಚಿನ ಶಾಸ್ತ್ರವೆಲ್ಲ ಅರಿತಂತೆಯೇ. ಮರವನ್ನೋ ಲಿನೋಲಿಯಂ ಹಾಳೆಯನ್ನೋ ಕೆತ್ತಿ ಮಾಡುವ ಚಿತ್ರಗಳು ಈ ಜಾತಿಗೆ ಸೇರಿದವು. ಇದಕ್ಕೆ ವಿರುದ್ಧವಾದದ್ದು ತಗ್ಗಚ್ಚು. ಅಲ್ಲಿ ತಾಮ್ರ ಅಥವಾ ಸತುವಿನ ತಗಡಿನ ಮೇಲೆ ಗೀರಿದ ಗೆರೆಯೊಳಗೆ ಶಾಯಿ ನಿಲ್ಲುತ್ತದೆ. ಅದಕ್ಕೆ ಭಾರವಾದ ಯಂತ್ರ ಬೇಕು, ಎಷ್ಟೋ ಸಲ ಆಮ್ಲವೂ ಬೇಕು. ಶಾಲೆಗೆ ಅದು ಸಲ್ಲದು. ಜಾಲರಿಯ ಮೂಲಕ ಶಾಯಿಯನ್ನು ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ಮದುವೆಯ ಪತ್ರಿಕೆಗಳಿಂದಾಗಿ ಎಲ್ಲರಿಗೂ ಪರಿಚಿತ.

ನಾಲ್ಕನೆಯದಾದ ಶಿಲಾಮುದ್ರಣದ ಬಗ್ಗೆ ಈ ಜಿಲ್ಲೆಯವರು ಸ್ವಲ್ಪ ನಿಂತು ಯೋಚಿಸಬೇಕು. ಇಲ್ಲಿ ಕೆತ್ತನೆಯೇ ಇಲ್ಲ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ಕಲ್ಲನ್ನು ಸಂಸ್ಕರಿಸಿ, ನೀರು ಒರೆಸಿ ಶಾಯಿ ಉರುಳಿಸಿದರೆ, ಎಣ್ಣೆಗೂ ನೀರಿಗೂ ಇರುವ ಸಹಜ ವೈರದಿಂದ ಬರೆದ ಕಡೆ ಮಾತ್ರ ಶಾಯಿ ನಿಲ್ಲುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಈ ವಿಧಾನಕ್ಕೆ ಬವೇರಿಯದ ಸೋಲ್ನ್‌ಹೋಫನ್ ಗಣಿಯ ಕಲ್ಲು ಹೆಸರುವಾಸಿ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿಯೇ. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಸಿದ್ಧಪಡಿಸುತ್ತಿದ್ದರು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಈ ಭಾಗದ ಹಿರಿಯರು ಕಂಡ ಉರ್ದು ಪುಸ್ತಕಗಳ ಲಿಪಿ ಮುತ್ತಿನಂತೆ ಬಳುಕುತ್ತಿದ್ದುದಕ್ಕೂ ಇದೇ ಕಾರಣ. ಉರ್ದುವಿನ ನಸ್ತಾಲೀಕ್ ಬರಹ ಸೀಸದ ಮೊಳೆಗಳಿಗೆ ಒಗ್ಗದೆ, ಕಾತಿಬನು ಕೈಯಿಂದ ಬರೆದುದನ್ನೇ ಬಹುಕಾಲ ಕಲ್ಲಿನಿಂದ ಅಚ್ಚು ಹಾಕುತ್ತಿದ್ದರು. ಕಲಬುರಗಿಯ ಮನೆಗಳಲ್ಲಿ ಕಾಲಡಿಯಲ್ಲಿ ಹಾಸಿರುವ ಶಹಾಬಾದಿನ ಫರಸಿಯೂ ಸುಣ್ಣದ ಕಲ್ಲೇ. ಅದರಿಂದ ಅಚ್ಚು ತೆಗೆಯಬಹುದೆಂದು ಇದರ ಅರ್ಥವಲ್ಲ. ಆದರೆ ಜೇವರ್ಗಿ ಕಾಲೋನಿಯ ಮಗುವೊಂದು ತಾನು ಕೂತ ನೆಲವನ್ನು ತೋರಿಸಿ ‘ಇದೇ ಜಾತಿಯ ಕಲ್ಲಿನಿಂದ ಕನ್ನಡದ ಮೊದಲ ಪತ್ರಿಕೆ ಅಚ್ಚಾಯಿತು’ ಎಂದು ಹೇಳಬಲ್ಲದಾದರೆ, ಇತಿಹಾಸ, ಭೂಗೋಳ, ರಸಾಯನಶಾಸ್ತ್ರ ಮೂರೂ ಒಂದೇ ವಾಕ್ಯದಲ್ಲಿ ಬಂದಂತಾಯಿತು.

ಈ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ಅಚ್ಚಿದೆ. ಶಾಸನತಜ್ಞರು ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬಿರುಸಾದ ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿನೊಳಗೆ ಕಾಗದವನ್ನು ಕೂಡಿಸಿ, ಮೇಲೆ ಮಸಿಯ ಉಂಡೆಯನ್ನು ತಟ್ಟುತ್ತಾರೆ. ನೆಲ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಕಾಗದದ ಮೇಲ್ಮುಖಕ್ಕೆ ಬೀಳುವುದರಿಂದ ಇಲ್ಲಿ ಅಕ್ಷರ ಹಿಮ್ಮುಖವಾಗುವುದಿಲ್ಲ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ದೊರೆತ ಅಶೋಕನ ಶಾಸನದಂತಹ ಬರಹಗಳನ್ನು ವಿದ್ವಾಂಸರು ತಮ್ಮ ಕೋಣೆಯಲ್ಲಿ ಕೂತು ಓದುವುದಕ್ಕೆ ಸಾಧ್ಯವಾಗುವುದು ಇಂತಹ ಪಡಿಯಚ್ಚುಗಳಿಂದ. ಸಂರಕ್ಷಿತ ಸ್ಮಾರಕಗಳ ಮೇಲೆ ಮಕ್ಕಳು ಕೈಯಿಡಲಾಗದು, ಇಡಲೂಬಾರದು. ಆದರೆ ನಾಣ್ಯದ ಮೇಲೆ, ಅರಳಿ ಎಲೆಯ ನರಗಳ ಮೇಲೆ, ಶಾಲೆಯದೇ ಅಡಿಗಲ್ಲಿನ ಮೇಲೆ ತೆಳು ಕಾಗದವಿಟ್ಟು ಮೇಣದ ಬಳಪ ಉಜ್ಜಿದರೆ ಅದೇ ಪಾಠ ಸಣ್ಣ ಪ್ರಮಾಣದಲ್ಲಿ ದೊರೆಯುತ್ತದೆ.

ಇನ್ನು, ಕುಂಚ ಮತ್ತು ಬಣ್ಣ ಇರುವಾಗ ಮಗುವಿಗೆ ಉಳಿಯೇಕೆ ಎಂದು ಯಾರಾದರೂ ಕೇಳಬಹುದು. ವಿಯೆನ್ನಾದ ಫ್ರಾನ್ಸ್ ಚಿಝೆಕ್ ಎಂಬ ಅಧ್ಯಾಪಕರು 1897ರಲ್ಲಿ ಮಕ್ಕಳಿಗಾಗಿ ಆರಂಭಿಸಿದ ಕಲಾತರಗತಿಯಲ್ಲಿ ದೊಡ್ಡವರ ಚಿತ್ರಗಳ ನಕಲನ್ನು ದೂರವಿಟ್ಟರು. ಅಲ್ಲಿನ ಮಕ್ಕಳು ಲಿನೋಲಿಯಂ ಕೆತ್ತಿ ತೆಗೆದ ಅಚ್ಚುಗಳು ಮುಂದೆ ಪ್ರಸಿದ್ಧವಾದವು. ಈ ಮಾಧ್ಯಮದಲ್ಲಿ ನಕಲಿಗೆ ಆಸ್ಪದ ಕಡಿಮೆ. ಹಲಗೆಯ ಮೇಲಿನ ಗಿಳಿಯನ್ನು ಪೆನ್ಸಿಲಿನಿಂದ ಬರೆಯಬಹುದು. ಆದರೆ ಕೆತ್ತುವ ಮಗು ಗೆರೆಗೆರೆಗೂ ‘ಇದು ಕಪ್ಪಾಗಬೇಕೋ ಬೆಳ್ಳಗಾಗಬೇಕೋ’ ಎಂದು ತಾನೇ ತೀರ್ಮಾನಿಸಬೇಕು. ಬೂದುಬಣ್ಣದ ನೆರಳಿಗೆ ಅಲ್ಲಿ ಎಡೆಯಿಲ್ಲ. ತೆಗೆದುಹಾಕಿದ್ದು ಮರಳಿ ಬಾರದು. ರಬ್ಬರಿನಿಂದ ಅಳಿಸುವ ಅನುಕೂಲವೂ ಇಲ್ಲ. ಬರೆಯುವಾಗ ಗೆರೆ ಕೂಡಿಸುತ್ತಾ ಹೋಗುವ ಮಗು ಇಲ್ಲಿ ಕಳೆಯುತ್ತಾ ಹೋಗುತ್ತದೆ. ಎಡವು ಬಲವಾಗುವುದನ್ನು ಮೊದಲೇ ಮನಸ್ಸಿನಲ್ಲಿ ತಿರುಗಿಸಿ ಕಾಣಬೇಕು. ಗಣಿತದ ಅಧ್ಯಾಪಕರು ಪ್ರತಿಬಿಂಬ ಸಮಮಿತಿಯನ್ನು ಎಷ್ಟು ಸಲ ಹಲಗೆಯ ಮೇಲೆ ಬರೆದು ತೋರಿಸಿದರೂ, ತನ್ನ ಹೆಸರು ತಲೆಕೆಳಗಾಗಿ ಅಚ್ಚಾದುದನ್ನು ಕಂಡ ವಿದ್ಯಾರ್ಥಿಗೆ ಅರ್ಥವಾದಷ್ಟು ಅರ್ಥವಾಗಲಾರದು. ಇವೆಲ್ಲಕ್ಕಿಂತ ಮೇಲಾದ ಇನ್ನೊಂದು ಗುಣವಿದೆ. ಒಂದು ಚಿತ್ರ ಬರೆದ ಮಗು ಅದನ್ನು ಅಧ್ಯಾಪಕರಿಗೆ ಒಪ್ಪಿಸಿ ಬರಿಗೈಯಾಗುತ್ತದೆ. ಒಂದು ಅಚ್ಚು ಕೆತ್ತಿದ ಮಗುವಿನ ಬಳಿ ಇಪ್ಪತ್ತು ಪ್ರತಿಗಳಿರುತ್ತವೆ. ಅವ್ವನಿಗೊಂದು, ಗೆಳೆಯನಿಗೊಂದು, ಶಾಲೆಗೊಂದು. ಕೊಡುವ ಸಂತೋಷ ಇದರಲ್ಲಿ ಅಂತರ್ಗತ.

ಭಾರತದಲ್ಲಿ ಈ ಮಾಧ್ಯಮವನ್ನು ಶಿಕ್ಷಣಕ್ಕೆ ತಂದವರಲ್ಲಿ ನಂದಲಾಲ ಬಸು ಅಗ್ರಗಣ್ಯರು. ದಂಡಿಯಾತ್ರೆಯ ಸಂದರ್ಭದಲ್ಲಿ, 1930ರಲ್ಲಿ, ಅವರು ಲಿನೋಲಿಯಂನಲ್ಲಿ ಕೆತ್ತಿದ, ಕೋಲು ಹಿಡಿದು ನಡೆಯುತ್ತಿರುವ ಗಾಂಧೀಜಿಯ ಚಿತ್ರವನ್ನು ಕಾಣದವರಿಲ್ಲ. ಕಪ್ಪು ನೆಲ, ಕೆಲವೇ ಬಿಳಿಯ ಗೆರೆಗಳು, ಅಷ್ಟೇ. ಅದೇ ವರ್ಷ ಪ್ರಕಟವಾದ ರವೀಂದ್ರನಾಥ ಠಾಕೂರರ ‘ಸಹಜ ಪಾಠ’ ಎಂಬ ಬಂಗಾಳಿ ಬಾಲಪಾಠಕ್ಕೂ ನಂದಲಾಲರೇ ಚಿತ್ರ ಕೆತ್ತಿಕೊಟ್ಟರು. ದೇಶದ ಒಬ್ಬ ಮಹಾಕಲಾವಿದ ಅಕ್ಷರ ಕಲಿಯುವ ಮಗುವಿಗಾಗಿ ಉಳಿ ಹಿಡಿದ ಈ ನಿದರ್ಶನ ಕನ್ನಡ ಶಾಲೆಗಳ ಕಣ್ಣಿಗೆ ಇನ್ನೂ ಸಾಕಷ್ಟು ಬಿದ್ದಿಲ್ಲ.

ಕಾರ್ಯರೂಪಕ್ಕೆ ಬಂದಾಗ ವಯಸ್ಸನ್ನು ಗಮನಿಸುವುದು ಅಗತ್ಯ. ಐದನೆಯ ತರಗತಿಯೊಳಗಿನ ಮಕ್ಕಳ ಕೈಗೆ ಹರಿತವಾದ ಆಯುಧ ಕೊಡಲಾಗದು. ಕೊಡುವ ಅವಶ್ಯಕತೆಯೂ ಇಲ್ಲ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿದರೆ ಹೂವು ಮೂಡುವುದನ್ನು ತಾಯಂದಿರೂ ಬಲ್ಲರು. ಹುಮನಾಬಾದ ರಸ್ತೆಯ ಕಮಲಾಪುರ ಕೆಂಪು ಬಾಳೆಗೆ ಪ್ರಸಿದ್ಧ. ಗೊನೆ ಕಡಿದ ಮೇಲೆ ಬಾಳೆಯ ಎಲೆಯ ದಿಂಡು ಬಿಸಾಡುವ ವಸ್ತು. ಆ ದಿಂಡನ್ನು ಅಡ್ಡ ಕೊಯ್ದರೆ, ಸಾಲುಸಾಲಾದ ಗಾಳಿಗೂಡುಗಳಿಂದ ಕೂಡಿದ ಅರ್ಧಚಂದ್ರ ದೊರೆಯುತ್ತದೆ. ಅದನ್ನು ಒತ್ತಿ ನವಿಲಿನ ಗರಿಯನ್ನೂ ಮೀನಿನ ಹುರುಪೆಯನ್ನೂ ಮಾಡಬಹುದು. ಕೊಯ್ದ ಮೇಲೆ ಹತ್ತು ನಿಮಿಷ ಬಟ್ಟೆಯ ಮೇಲೆ ಕವುಚಿಟ್ಟು ನೀರು ಬಸಿಯುವುದನ್ನು ಮಾತ್ರ ಮರೆಯಬಾರದು, ಇಲ್ಲವಾದರೆ ಬಣ್ಣ ಹರಡಿ ಎಲ್ಲವೂ ರಾಡಿಯಾಗುತ್ತದೆ. ಅಧ್ಯಾಪಕರು ಬಾಳೆಯ ಅಚ್ಚನ್ನು ಮೊದಲು ಮಾಡಿಸಿ, ಅನಂತರ ವಿಜ್ಞಾನದ ಪಾಠದಲ್ಲಿ ಸಸ್ಯದ ಅಂಗಾಂಶ ತೋರಿಸಿದರೆ ಪಾಠ ಸಲೀಸಾಗುತ್ತದೆ. ಇದರ ಮುಂದಿನ ಹಂತದಲ್ಲಿ ರಟ್ಟಿನ ತುಂಡು, ಹುರಿ, ಗೋಣಿಯ ಚೂರುಗಳನ್ನು ಇನ್ನೊಂದು ರಟ್ಟಿಗೆ ಅಂಟಿಸಿ ಅಚ್ಚುಮಾಡಬಹುದು. ಥರ್ಮೊಕೋಲ್ ತಟ್ಟೆಯ ಮೇಲೆ ಪೆನ್ಸಿಲಿನಿಂದ ಒತ್ತಿ ಬರೆದು ಶಾಯಿ ಉರುಳಿಸಿದರೂ ಆದೀತು.

ಎಂಟನೆಯ ತರಗತಿಯಿಂದ ಲಿನೋಲಿಯಂ ಹಿಡಿಯಬಹುದು. ಹೆಸರು ವಿದೇಶೀಯವಾದರೂ ವಸ್ತುವಿನ ಜೀವಾಳ ಈ ಭಾಗದ ಊಟದ ತಟ್ಟೆಯಲ್ಲೇ ಇದೆ. ಜೋಳದ ರೊಟ್ಟಿಯ ಜೊತೆಗೆ ಅಗಸಿ ಹಿಂಡಿ ತಿನ್ನುವ ಪ್ರತಿಯೊಬ್ಬರೂ ಅಗಸಿಯನ್ನು ಬಲ್ಲರು. ಅಗಸಿಯ ಎಣ್ಣೆಯನ್ನು ಗಾಳಿಗೆ ಗಟ್ಟಿಯಾಗಿಸಿ, ಬೆಂಡಿನ ಪುಡಿ ಮತ್ತು ಮರದ ಪುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹಾಸಿ ಲಟ್ಟಿಸಿದ ಹಾಳೆಯೇ ಲಿನೋಲಿಯಂ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಇದನ್ನು ನೆಲಕ್ಕೆ ಹಾಸುವುದಕ್ಕಾಗಿ ತಯಾರಿಸಿದರು. ಕಲಾವಿದರು ಅದನ್ನು ನೆಲದಿಂದ ಎತ್ತಿಕೊಂಡರು. ಮುದ್ರಣದ ಶಾಯಿಗೂ ಬಹುಕಾಲ ಅದೇ ಅಗಸಿ ಎಣ್ಣೆಯೇ ಆಧಾರವಾಗಿತ್ತು. ಇಂದು ಅಂಗಡಿಯಲ್ಲಿ ನೆಲಹಾಸೆಂದು ಮಾರುವ ಪ್ಲಾಸ್ಟಿಕ್ ಹಾಳೆ ಬೇರೆ ವಸ್ತು. ಕಲಾಸಾಮಗ್ರಿಯ ಅಂಗಡಿಯಿಂದ ನಿಜವಾದ ಲಿನೋ ತರಿಸುವುದು ಕಷ್ಟವಾದರೆ ಚಪ್ಪಲಿಯ ಅಟ್ಟೆಗೆ ಬಳಸುವ ಮೆದು ರಬ್ಬರಿನ ಹಾಳೆಯಿಂದಲೂ ಅಭ್ಯಾಸ ನಡೆಯುತ್ತದೆ.

ಮೊದಲು ತೆಳು ಕಾಗದದ ಮೇಲೆ ಮೆದು ಪೆನ್ಸಿಲಿನಿಂದ ಚಿತ್ರ ಬರೆಯಬೇಕು. ಕಾಗದವನ್ನು ಬೋರಲಾಗಿ ಹಾಳೆಯ ಮೇಲಿಟ್ಟು ಉಜ್ಜಿದರೆ ಚಿತ್ರ ತಿರುಗಿ ಮೂಡುತ್ತದೆ. ಅದನ್ನು ಕೆತ್ತಿ ಅಚ್ಚು ತೆಗೆದಾಗ ಪುನಃ ನೆಟ್ಟಗಾಗುತ್ತದೆ. ಈ ಹಂತವನ್ನು ಬಿಟ್ಟು ನೇರವಾಗಿ ಅಕ್ಷರ ಬರೆದವರ ಅಚ್ಚಿನಲ್ಲಿ ಕನ್ನಡ ಅಕ್ಷರಗಳ ತಲೆಕಟ್ಟು ಬಲಕ್ಕೆ ಹೊರಳಬೇಕಾದುದು ಎಡಕ್ಕೆ ಹೊರಳುತ್ತದೆ. ಪ್ರತಿ ತರಗತಿಯಲ್ಲಿಯೂ ನಾಲ್ಕಾರು ಮಂದಿಗೆ ಹೀಗಾಗಿಯೇ ತೀರುತ್ತದೆ. ಅಧ್ಯಾಪಕರು ಅದನ್ನು ತಪ್ಪೆಂದು ಎತ್ತಿ ಹಿಡಿಯದೆ, ಮೊದಲ ಪ್ರತಿಯನ್ನು ಕನ್ನಡಿಗೆ ಹಿಡಿದು ಓದಿಸುವುದು ಮೇಲು.

ಕೆತ್ತುವುದಕ್ಕೆ ಎರಡು ಬಗೆಯ ಉಳಿ ಸಾಕು: ಸಣ್ಣ ಗೆರೆಗೆ ‘ವಿ’ ಬಾಯಿಯದು, ವಿಸ್ತಾರವಾಗಿ ಬಿಳಿ ತೆಗೆಯಲು ‘ಯು’ ಬಾಯಿಯದು. ಹಾಳೆ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕು, ಎದುರಿಗೆ ಎಂದೂ ಬರಬಾರದು. ಇದೊಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಬೆರಳು ಕೊಯ್ದುಕೊಳ್ಳುವ ಪ್ರಸಂಗಗಳು ಬಹುಮಟ್ಟಿಗೆ ತಪ್ಪುತ್ತವೆ. ಬಡಗಿಯಿಂದ ಒಂದು ಹಲಗೆ ಮಾಡಿಸಿ, ಅದರ ಒಂದು ಅಂಚಿಗೆ ಕೆಳಗೂ ಇನ್ನೊಂದು ಅಂಚಿಗೆ ಮೇಲೂ ಪಟ್ಟಿ ಹೊಡೆಸಿದರೆ, ಅದು ಮೇಜಿನ ಅಂಚಿಗೆ ಸಿಕ್ಕಿಕೊಂಡು, ಕೆತ್ತುವ ಹಾಳೆ ಜಾರದಂತೆ ತಡೆಯುತ್ತದೆ. ಮೊಂಡಾದ ಉಳಿ ಹರಿತವಾದುದಕ್ಕಿಂತ ಅಪಾಯಕಾರಿ, ಏಕೆಂದರೆ ಬಲ ಹಾಕಿ ಒತ್ತಿದಾಗಲೇ ಅದು ಜಾರುತ್ತದೆ. ಚಳಿಯ ದೇಶಗಳಲ್ಲಿ ಲಿನೋ ಬಿರುಸಾಗುವುದರಿಂದ ಅದನ್ನು ಬೆಚ್ಚಗೆ ಮಾಡಿ ಕೆತ್ತುತ್ತಾರೆ. ಕಲಬುರಗಿಯ ಬಿಸಿಲು ಬಹಳ ಮಂದಿಯ ದೂರಿಗೆ ಗುರಿಯಾದದ್ದು. ಈ ಒಂದು ಕೆಲಸದಲ್ಲಾದರೂ ಅದು ಪುಕ್ಕಟೆಯಾಗಿ ಒದಗುತ್ತದೆ. ಐದು ನಿಮಿಷ ಕಿಟಕಿಯ ಬಿಸಿಲಿಗಿಟ್ಟ ಹಾಳೆ ಬೆಣ್ಣೆಯಂತೆ ಕೊಯ್ಯುತ್ತದೆ. ಅದೇ ಬಿಸಿಲು ನೀರಿನ ಬಣ್ಣವನ್ನು ಮಾತ್ರ ಉರುಳಿಸುವಷ್ಟರಲ್ಲೇ ಒಣಗಿಸಿಬಿಡುತ್ತದೆ. ಆದುದರಿಂದ ದೊಡ್ಡ ಮಕ್ಕಳಿಗೆ ಎಣ್ಣೆಯ ಶಾಯಿಯೇ ವಾಸಿ. ಊರಿನ ಮುದ್ರಣಾಲಯದಲ್ಲಿ ಕೇಳಿದರೆ ಕಪ್ಪು ಶಾಯಿಯ ಒಂದು ಡಬ್ಬಿ ದೊರೆಯುವುದು ಕಷ್ಟವಲ್ಲ. ಕೈ ಮತ್ತು ರೋಲರ್ ತೊಳೆಯಲು ಸೀಮೆಎಣ್ಣೆಯನ್ನು ಹುಡುಕಬೇಕಿಲ್ಲ. ಅಡುಗೆಯ ಎಣ್ಣೆ ಸವರಿ ಹಳೆಯ ಬಟ್ಟೆಯಿಂದ ಒರೆಸಿ, ಅನಂತರ ಸಾಬೂನು ಹಚ್ಚಿದರಾಯಿತು.

ಶಾಯಿಯನ್ನು ನುಣುಪಾದ ಫರಸಿಯ ತುಂಡಿನ ಮೇಲೋ ಗಾಜಿನ ಮೇಲೋ ತೆಳುವಾಗಿ ಹರಡಬೇಕು. ರೋಲರ್ ಉರುಳುವಾಗ ಸಣ್ಣಗೆ ‘ಚರ್ರ್’ ಎಂಬ ಸದ್ದು ಒಂದೇ ಸಮನೆ ಕೇಳಿದರೆ ಪ್ರಮಾಣ ಸರಿಯಾಗಿದೆಯೆಂದು ತಿಳಿಯಬೇಕು. ಪಚಪಚ ಎಂದರೆ ಹೆಚ್ಚಾಗಿದೆ, ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಅಚ್ಚಿನ ಮೇಲೆ ಕಾಗದವಿಟ್ಟು ಸ್ಟೀಲಿನ ಚಮಚದ ಬೆನ್ನಿನಿಂದ ಮಧ್ಯದಿಂದ ಅಂಚಿಗೆ ತಿಕ್ಕಬೇಕು. ಯಂತ್ರ ಬೇಕೇಬೇಕೆಂಬ ನಂಬಿಕೆಯಿಂದಲೇ ಎಷ್ಟೋ ಶಾಲೆಗಳು ಈ ಕೆಲಸಕ್ಕೆ ಕೈಹಾಕದೆ ಕೂತಿವೆ. ಉಬ್ಬಚ್ಚಿಗೆ ಚಮಚ ಸಾಕು; ಪುಸ್ತಕ ಕಟ್ಟುವವರ ಹಳೆಯ ತಿರುಪಿನ ಒತ್ತುಯಂತ್ರವೊಂದು ಸಿಕ್ಕರೆ ಇನ್ನೂ ಅನುಕೂಲ. ಕಾಗದದ ಒಂದು ಮೂಲೆಯನ್ನು ಎತ್ತಿ ನೋಡಿ, ಶಾಯಿ ಹತ್ತದ ಕಡೆ ಮತ್ತೆ ತಿಕ್ಕಬಹುದು. ಒಳ್ಳೆಯ ಪ್ರತಿಗಳನ್ನು ಆರಿಸಿ, ಕೆಳಗೆ ಪೆನ್ಸಿಲಿನಿಂದ 1/20, 2/20 ಎಂದು ಸಂಖ್ಯೆ ಹಾಕಿ ಸಹಿ ಮಾಡುವುದು ಜಗತ್ತಿನ ಎಲ್ಲ ಅಚ್ಚುಕಲಾವಿದರ ಪದ್ಧತಿ. ಹದಿಮೂರು ವರ್ಷದ ಹುಡುಗಿ ಆ ಸಂಖ್ಯೆಯನ್ನು ಬರೆಯುವಾಗ ಅವಳ ಮುಖದಲ್ಲಿ ಕಾಣುವ ಗಾಂಭೀರ್ಯ ಉತ್ತರಪತ್ರಿಕೆ ಬರೆಯುವಾಗ ಕಾಣಸಿಗದು.

ಇಡೀ ತರಗತಿ ಸೇರಿ ಮಾಡುವ ಕೆಲಸಗಳಲ್ಲಿ ಎರಡು ವಿಶೇಷವಾಗಿ ಪ್ರಯೋಜನಕರ. ಒಂದು, ‘ಸಹಜ ಪಾಠ’ದ ಮಾದರಿಯಲ್ಲಿ ಒಂಬತ್ತನೆಯ ತರಗತಿಯವರು ಒಂದನೆಯ ತರಗತಿಯ ತಮ್ಮತಂಗಿಯರಿಗಾಗಿ ಕೆತ್ತಿಕೊಡುವ ಅಕ್ಷರಮಾಲೆ. ಪ್ರತಿಯೊಬ್ಬರಿಗೂ ಒಂದು ಅಕ್ಷರ. ‘ಅ’ಕ್ಕೆ ಅಗಸ ಎಂದು ಬಂದ ರೂಢಿಯನ್ನೇ ಹಿಡಿಯದೆ, ಈ ನೆಲದ ಅಗಸಿ, ಜೋಳ, ತೊಗರಿ, ಬಾಳೆ, ಫರಸಿ, ತೇರುಗಳನ್ನು ತರಬಹುದು. ಓದುಗರು ಎದುರಿಗೇ ಇರುವುದರಿಂದ ಚಿತ್ರ ಸ್ಪಷ್ಟವಾಗಿದೆಯೋ ಇಲ್ಲವೋ ಎಂಬುದಕ್ಕೆ ಅಧ್ಯಾಪಕರ ತೀರ್ಪು ಬೇಕಿಲ್ಲ. ಆರು ವರ್ಷದ ಮಗು ತೊಗರಿಕಾಯಿಯನ್ನು ಮೀನೆಂದು ಓದಿದರೆ ಕೆತ್ತಿದವನು ಪುನಃ ಕೆತ್ತಬೇಕಾಗುತ್ತದೆ. ಎರಡನೆಯದು ಕ್ಯಾಲೆಂಡರ್. ಹನ್ನೆರಡು ಅಚ್ಚು, ಹನ್ನೆರಡು ತಿಂಗಳು. ಮಾರ್ಚ್ ಸುಮಾರಿಗೆ ಬರುವ ಶರಣಬಸವೇಶ್ವರರ ಜಾತ್ರೆಯ ತೇರು, ಮುಂಗಾರಿನ ಮೊದಲ ಮಳೆ, ತೊಗರಿಯ ರಾಶಿ. ಪಂಡಿತರ ಊರಿನಲ್ಲಿ ಕ್ಯಾಲೆಂಡರ್ ಮಾಡುವುದಕ್ಕೆ ಬೇರೆ ಸಮರ್ಥನೆ ಬೇಡ. ಬಣ್ಣ ಬೇಕೆನ್ನುವವರು ಪಿಕಾಸೋ ತನ್ನ ಲಿನೋ ಚಿತ್ರಗಳಲ್ಲಿ ಬಳಸಿದ ಉಪಾಯವನ್ನು ಪ್ರಯತ್ನಿಸಬಹುದು. ಒಂದೇ ಹಾಳೆಯಿಂದ ಮೊದಲು ಹಳದಿ ಒತ್ತಿ, ಹಳದಿ ಉಳಿಯಬೇಕಾದ ಭಾಗವನ್ನು ಕೆತ್ತಿ ತೆಗೆದು, ಅದರ ಮೇಲೆ ಕೆಂಪು ಒತ್ತಿ, ಇನ್ನಷ್ಟು ಕೆತ್ತಿ ಕಪ್ಪು ಒತ್ತುವುದು. ಕೊನೆಗೆ ಹಾಳೆಯಲ್ಲಿ ಉಳಿಯುವುದು ಕಪ್ಪಿನ ಭಾಗ ಮಾತ್ರ. ಮರಳಿ ಮೊದಲಿನಿಂದ ಮುದ್ರಿಸಲು ಸಾಧ್ಯವಿಲ್ಲ. ಹತ್ತನೆಯ ತರಗತಿಗಿಂತ ಕೆಳಗೆ ಇದನ್ನು ಮಾಡಿಸುವುದು ದುಡುಕಾದೀತು.

ಅಧ್ಯಾಪಕರ ಪ್ರಶ್ನೆ ಉಳಿಯುತ್ತದೆ. ಪ್ರತಿ ಶಾಲೆಗೂ ಪೂರ್ಣಾವಧಿಯ ಚಿತ್ರಕಲಾ ಶಿಕ್ಷಕರಿರುವ ಸ್ಥಿತಿ ಇಂದು ಇಲ್ಲ. ಆದರೆ ಕಲಬುರಗಿ ಈ ವಿಷಯದಲ್ಲಿ ಬಡವಾದ ಊರಲ್ಲ. ವಿ. ಜಿ. ಅಂದಾನಿಯವರು ಕಟ್ಟಿ ಬೆಳೆಸಿದ ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ಎಂ. ಎಂ. ಕೆ. ದೃಶ್ಯಕಲಾ ಮಹಾವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗ ಇವುಗಳಿಂದ ಹೊರಬಂದ ತರುಣರು ನಗರದಲ್ಲಿಯೇ ಇದ್ದಾರೆ. ವರ್ಷಕ್ಕೆ ಹತ್ತು ದಿನ ಅವರಲ್ಲೊಬ್ಬರನ್ನು ಗೌರವಧನ ಕೊಟ್ಟು ಕರೆಸುವುದು ಯಾವ ಆಡಳಿತ ಮಂಡಳಿಗೂ ಭಾರವಾಗದು. ಅನ್ನದಾನಕ್ಕೂ ಕಟ್ಟಡಕ್ಕೂ ಧಾರಾಳವಾಗಿ ಕೊಡುವ ದಾನಿಗಳು ಆರು ಜೊತೆ ಉಳಿ, ನಾಲ್ಕು ರೋಲರ್, ಎರಡು ಉದ್ದನೆಯ ಮೇಜು, ಬೀಗವಿರುವ ಒಂದು ಕಪಾಟು ಇವನ್ನು ಕೊಡುವ ಬಗ್ಗೆ ಯೋಚಿಸಿದರೆ ಇಷ್ಟರಿಂದಲೇ ಒಂದು ಅಚ್ಚುಶಾಲೆ ಆರಂಭವಾಗುತ್ತದೆ. ಇವು ಗೋಡೆಯ ಮೇಲೆ ಹೆಸರು ಕೆತ್ತಿಸುವಷ್ಟು ದೊಡ್ಡ ದಾನವಲ್ಲ. ಆ ಕಾರಣಕ್ಕೇ ಯಾರ ಗಮನಕ್ಕೂ ಬರುವುದಿಲ್ಲವೇನೋ! ಕಷ್ಟಸಾಧ್ಯವಾದುದು ವೇಳಾಪಟ್ಟಿಯಲ್ಲಿ ಜಾಗ. ನಲವತ್ತು ನಿಮಿಷದ ಅವಧಿಯಲ್ಲಿ ಶಾಯಿ ಹರಡುವುದರೊಳಗೆ ಗಂಟೆ ಬಾರಿಸುತ್ತದೆ. ಎರಡು ಅವಧಿಗಳನ್ನು ಒಟ್ಟಿಗೆ ಜೋಡಿಸಿಕೊಡುವ ಮುಖ್ಯೋಪಾಧ್ಯಾಯರ ಸಹಕಾರವಿಲ್ಲದೆ ಉಳಿದ ಸಾಮಗ್ರಿಯೆಲ್ಲ ಕಪಾಟಿನಲ್ಲಿಯೇ ಉಳಿಯುತ್ತದೆ.

ಅಚ್ಚು ತೆಗೆದ ಕಾಗದಗಳನ್ನು ಹಗ್ಗಕ್ಕೆ ಚಿಮಟಿ ಹಾಕಿ ತೂಗಬೇಕು. ಬೇಸಿಗೆಯಲ್ಲಿ ಎರಡು ದಿನಕ್ಕೆ ಒಣಗಿದ್ದು ಮಳೆಗಾಲದಲ್ಲಿ ವಾರ ಹಿಡಿಯಬಹುದು. ಕೆತ್ತಿದ ಹಾಳೆಗಳನ್ನು ಶಾಯಿ ಉಳಿಯದಂತೆ ಒರೆಸಿ, ಹಿಂಬದಿಯಲ್ಲಿ ವಿದ್ಯಾರ್ಥಿಯ ಹೆಸರು, ತರಗತಿ, ವರ್ಷ ಬರೆದು, ನಡುವೆ ಕಾಗದವಿಟ್ಟು ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು. ಪ್ರತಿಗಳು ಮಕ್ಕಳ ಮನೆಗೆ ಹೋಗಲಿ, ಅಚ್ಚು ಶಾಲೆಯಲ್ಲಿರಲಿ. ಸರಿಯಾಗಿ ಕಾಪಾಡಿದ ಹಾಳೆಯಿಂದ ಹತ್ತಾರು ವರ್ಷಗಳ ಮೇಲೂ ಪ್ರತಿ ತೆಗೆಯಬಹುದು. ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಬಂದವರು ಕಪಾಟಿನಿಂದ ತಮ್ಮ ಹೆಸರಿನ ಹಾಳೆಯನ್ನು ಹುಡುಕಿ, ಶಾಯಿ ಉರುಳಿಸಿ, ಒಂದು ಪ್ರತಿ ತೆಗೆದುಕೊಂಡು ಹೋಗಬಹುದು.